ಗುಡ್ಡದಾಚೆ ಕಡಲು: ಗೋಕರ್ಣದ ಹಾಸ್ಟೆಲ್‌ನಲ್ಲಿ ಉಳಿಯುವುದು ಹೇಗೆ?

ಕಡಿಮೆ ಖರ್ಚಿನಲ್ಲಿ ಗೋಕರ್ಣದಲ್ಲಿ ನಾಲ್ಕು ದಿನ ಇರಬೇಕು ಅಂದರೆ ಹಾಸ್ಟೆಲ್ ಒಳ್ಳೆಯ ದಾರಿ. ಇದು ಕಾಲೇಜು ಹುಡುಗರ ಹಾಸ್ಟೆಲ್ ಅಲ್ಲ. ಆರೋ ಎಂಟೋ ಮಂಚ ಇರುವ ಕೋಣೆಯಲ್ಲಿ ಒಂದು ಮಂಚಕ್ಕೆ ಮಾತ್ರ ದುಡ್ಡು ಕೊಟ್ಟು ಉಳಿಯುವ ಜಾಗ. ಆದರೆ ಮಂಚದ ಫೋಟೊ ನೋಡಿ ಬುಕ್ ಮಾಡಬೇಡಿ. ಮೊದಲು ದಾರಿ ನೋಡಿ.

ಕೊನೆಯ ಅರ್ಧ ಕಿಲೋಮೀಟರ್ ಬಗ್ಗೆ ಕೇಳಿ

ಊರಿಗೆ ಅಂಟಿಕೊಂಡಿರುವುದು ದೊಡ್ಡ ಬೀಚ್. ಗುಡ್ಡ ಹತ್ತಿ ಇಳಿದರೆ ಕುಡ್ಲೆ. ಇನ್ನೊಂದು ಗುಡ್ಡ ದಾಟಿದರೆ ಓಂ. ಅದರಾಚೆ ಹಾಫ್ ಮೂನ್, ಪ್ಯಾರಡೈಸ್. ‘ಕುಡ್ಲೆಗೆ ಹತ್ತಿರ’ ಎಂದು ಬರೆದುಕೊಂಡ ಹಾಸ್ಟೆಲ್ ಗುಡ್ಡದ ನೆತ್ತಿಯ ಮೇಲೂ ಇರಬಹುದು. ಅದಕ್ಕೇ ಫೋನ್ ಮಾಡಿ ಮೂರು ವಿಷಯ ಕೇಳಿ. ಆಟೊ ಎಲ್ಲಿಯವರೆಗೆ ಬರುತ್ತದೆ? ಅಲ್ಲಿಂದ ಎಷ್ಟು ನಡೆಯಬೇಕು? ರಾತ್ರಿ ಆ ದಾರಿಯಲ್ಲಿ ದೀಪ ಇರುತ್ತದಾ?

ನಾನು ಮೊದಲ ಸಲ ಇದನ್ನು ಕೇಳಿರಲಿಲ್ಲ. ಗಾಲಿ ಸೂಟ್‌ಕೇಸ್ ಎಳೆದುಕೊಂಡು ಹೋಗಿದ್ದೆ. ಕೆಂಪು ಚಿರೇಕಲ್ಲಿನ ಮೆಟ್ಟಿಲು ಇಳಿಯುವಾಗ ಒಂದು ಗಾಲಿ ಸಂದಿಗೆ ಸಿಕ್ಕಿ ಕಿತ್ತು ಬಂತು. ಉಳಿದ ದಾರಿಯನ್ನು ಸೂಟ್‌ಕೇಸ್ ತಲೆ ಮೇಲಿಟ್ಟುಕೊಂಡು ಇಳಿದೆ. ಅಂಗಿಯ ತುಂಬ ಕೆಂಪು ಧೂಳು. ಎರಡು ಸಲ ಒಗೆದರೂ ಕಲೆ ಹೋಗಲಿಲ್ಲ. ಬೆನ್ನಿಗೆ ಹಾಕುವ ಬ್ಯಾಗ್ ಸಾಕು, ಅದೂ ಒಂದೇ.

ಬುಕ್ ಮಾಡುವಾಗ

ಆಧಾರ್‌ನಲ್ಲಿ ಸ್ಥಳೀಯ ವಿಳಾಸ ಇದ್ದರೆ ಕೆಲವು ಹಾಸ್ಟೆಲ್‌ಗಳು ಜಾಗ ಕೊಡುವುದಿಲ್ಲ. ಅದೇ ಜಿಲ್ಲೆಯ ಮಕ್ಕಳಿಗೆ ಅವರದೇ ಕಡಲ ಪಕ್ಕ ಮಂಚ ಇಲ್ಲ ಅನ್ನುವುದು ನನಗಂತೂ ಸರಿ ಕಾಣುವುದಿಲ್ಲ. ದುಡ್ಡು ಕಟ್ಟುವ ಮೊದಲೇ ವಿಚಾರಿಸಿ. ಹೆಣ್ಣುಮಕ್ಕಳಿಗೆ ಬೇರೆ ಕೋಣೆ ಇದೆಯಾ, ಬೀಗ ಹಾಕುವ ಲಾಕರ್ ಇದೆಯಾ ಎಂದೂ ಕೇಳಿ. ಬೀಗ ಮನೆಯಿಂದಲೇ ತನ್ನಿ. ಶಿವರಾತ್ರಿಯ ಜಾತ್ರೆ ಸಮಯದಲ್ಲಿ ಊರು ಕಿಕ್ಕಿರಿದಿರುತ್ತದೆ. ತೇರು ನೋಡುವ ಆಸೆ ಇಲ್ಲದಿದ್ದರೆ ಆ ವಾರ ಬೇಡ.

ಬೆಂಗಳೂರಿನಿಂದ ಬರುವವರಿಗೆ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಅನುಕೂಲ. ಸಂಜೆ ರೈಲು ಹತ್ತಿದರೆ ಬೆಳಿಗ್ಗೆ ಗೋಕರ್ಣ ರೋಡ್. ಸ್ಟೇಷನ್ ಊರಿನಿಂದ ಸುಮಾರು 10 ಕಿ.ಮೀ. ದೂರ ಇದೆ, ಆಟೊ ಬೇಕು. ಹಾಸ್ಟೆಲ್ ಕೋಣೆ ಸಿಗುವುದು ಹೆಚ್ಚಾಗಿ ಮಧ್ಯಾಹ್ನ. ಬ್ಯಾಗ್ ಅಲ್ಲಿಟ್ಟು, ಕೋಟಿತೀರ್ಥದ ಸುತ್ತ ನಡೆದು ಮಹಾಬಲೇಶ್ವರನ ದರ್ಶನ ಮಾಡಿ ಬನ್ನಿ. ಗಂಡಸರು ಒಂದು ಪಂಚೆ ಇಟ್ಟುಕೊಂಡಿರಿ, ದೇವಸ್ಥಾನದಲ್ಲಿ ಬೇಕಾಗುತ್ತದೆ.

ಎಂಟು ಜನರ ಕೋಣೆ

ಸಿಕ್ಕರೆ ಕೆಳಗಿನ ಮಂಚ ತೆಗೆದುಕೊಳ್ಳಿ. ರಾತ್ರಿ ಬೇಕಾಗುವ ನೀರು, ಟಾರ್ಚ್, ಟವೆಲ್, ಬೆಳಿಗ್ಗೆಯ ಬಟ್ಟೆ ಎಲ್ಲವನ್ನೂ ಮಲಗುವ ಮುಂಚೆಯೇ ತಲೆದೆಸೆಯಲ್ಲಿ ಜೋಡಿಸಿಕೊಳ್ಳಿ. ಮತ್ತೆ, ಪ್ಲಾಸ್ಟಿಕ್ ಕವರ್ ದಯವಿಟ್ಟು ಬೇಡ. ಬೆಳಗಿನ ಜಾವ ಐದು ಗಂಟೆಗೆ ಒಬ್ಬರು ಕವರ್ ಬಿಚ್ಚಿದರೆ ಆ ಸರಬರ ಸದ್ದಿಗೆ ಕೋಣೆಯವರೆಲ್ಲ ಏಳುತ್ತಾರೆ. ಬಟ್ಟೆ ಚೀಲ ತನ್ನಿ. ಅಲಾರಂ ಬದಲು ಫೋನ್ ವೈಬ್ರೇಟ್‌ನಲ್ಲಿಟ್ಟು ದಿಂಬಿನ ಕೆಳಗೆ ಇಡಿ. ಕಡಲ ಗಾಳಿಗೆ ಒದ್ದೆ ಬಟ್ಟೆ ಬೇಗ ಒಣಗುವುದಿಲ್ಲ. ತೆಳ್ಳನೆಯ ಹತ್ತಿ ಟವೆಲ್ ಸಾಕು. ಒಣಹಾಕಲು ನಾಲ್ಕು ಮೊಳ ಹಗ್ಗ ಇರಲಿ. ಬೇರೆಯವರ ಮಂಚದ ಕಂಬಿ ಮೇಲೆ ಹಾಕಬೇಡಿ.

ಕಡಲಿಗೆ ಇಳಿಯುವಾಗ

ನೀರು ಶಾಂತವಾಗಿ ಕಂಡರೂ ಒಳಗೆ ಸೆಳೆತ ಇರುತ್ತದೆ. ಜೀವರಕ್ಷಕರು ಬೇಡ ಎಂದ ಕಡೆ ಇಳಿಯಲೇಬೇಡಿ. ಓಂ ಬೀಚಿನ ಬಂಡೆಗಳು ಪಾಚಿ ಹಿಡಿದು ಜಾರುತ್ತವೆ. ಫೋಟೊಗಾಗಿ ಅಲೆ ಬಡಿಯುವ ಅಂಚಿಗೆ ಹೋಗಬೇಡಿ. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ನೇರ ಈಜಿ ದಣಿಯಬಾರದು. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ದಡಕ್ಕೆ ಬನ್ನಿ. ಹಾಫ್ ಮೂನ್ ಕಡೆಯ ಕಾಲುದಾರಿ ಬಂಡೆಯಂಚಿನಲ್ಲಿ ಸಾಗುತ್ತದೆ. ಡಿಸೆಂಬರ್‌ನಲ್ಲಿ ಆರು ಗಂಟೆ ದಾಟುತ್ತಲೇ ಸೂರ್ಯ ಮುಳುಗುತ್ತಾನೆ, ಅಷ್ಟರೊಳಗೆ ವಾಪಸಾಗಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಅಬ್ಬರಿಸುತ್ತಿರುತ್ತದೆ. ಮಳೆಗಾಲದಲ್ಲಿ ಹೊರಡುವವರು ರಸ್ತೆಯ ಸುದ್ದಿಯನ್ನೂ ನೋಡಿಕೊಳ್ಳಿ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಇಲ್ಲಿಗೆ ಬರುವ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ.

ಕಾಡಿಗೆ ಒಂದು ದಿನ

ಕಡಲಷ್ಟೇ ನೋಡಿ ಬರುವವರೇ ಜಾಸ್ತಿ. ಒಂದು ದಿನ ಯಾಣಕ್ಕೆ ಇಡಿ. ಅದೂ ಇದೇ ಕುಮಟಾ ತಾಲ್ಲೂಕು. ದಟ್ಟ ಕಾಡಿನ ನಡುವೆ ಕಪ್ಪು ಸುಣ್ಣಕಲ್ಲಿನ ಶಿಖರಗಳು ಎದ್ದು ನಿಂತಿವೆ. ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ 90 ಮೀಟರ್ ಎತ್ತರ. ಹಾಸ್ಟೆಲ್‌ನಲ್ಲಿ ಮೂರು ನಾಲ್ಕು ಜನ ಜೊತೆಯಾದರೆ ಒಂದು ಕಾರು ಮಾಡಿಕೊಂಡು ಹೋಗಬಹುದು. ಹಾಸ್ಟೆಲ್‌ನ ದೊಡ್ಡ ಲಾಭ ಇದೇ. ಹಿಂದಿನ ರಾತ್ರಿ ಊಟದ ಹೊತ್ತಿಗೆ ‘ನಾಳೆ ಯಾಣಕ್ಕೆ ಯಾರಾದರೂ ಬರ್ತೀರಾ?’ ಎಂದು ಕೇಳಿ ನೋಡಿ.

ಮಳೆ ಇದ್ದರೆ ಇಂಬಳ (ಜಿಗಣೆ) ಹತ್ತುತ್ತದೆ. ಕಾಗದದಲ್ಲಿ ಸ್ವಲ್ಪ ಉಪ್ಪು ಕಟ್ಟಿಕೊಂಡಿರಿ, ಹಾಕಿದರೆ ಬಿಡುತ್ತದೆ. ಬೇಸಿಗೆಯಲ್ಲಿ ಉಣುಗಿನ (ರಕ್ತ ಹೀರುವ ಉಣ್ಣೆಯ) ಬಗ್ಗೆ ಎಚ್ಚರ ಬೇಕು. ಮಂಗನ ಕಾಯಿಲೆ ಹರಡುವುದು ಅದರಿಂದಲೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಕಾಯಿಲೆ ಉತ್ತರ ಕನ್ನಡದ ಸಿದ್ದಾಪುರ ಕಡೆಯೂ ಕಾಣಿಸಿಕೊಂಡಿದೆ. ತುಂಬುತೋಳಿನ ಅಂಗಿ, ಉದ್ದ ಪ್ಯಾಂಟ್ ಹಾಕಿ. ಒಣಗಿದ ಎಲೆಗಳ ಮೇಲೆ ಕೂರಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೋ ಆರೋಗ್ಯ ಇಲಾಖೆಗೋ ತಿಳಿಸಿ. ವಾಪಸ್ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಒಗೆದುಹಾಕಿ. ಆಮೇಲೇ ಮಂಚ.

ಹೊರಡುವ ದಿನ

ಹಾಸಿಗೆ ಬಟ್ಟೆ ಮಡಚಿಡಿ, ಲಾಕರ್ ಇನ್ನೊಮ್ಮೆ ನೋಡಿ. ಗೋಕರ್ಣದ ಪಕ್ಕದ ಸಾಣಿಕಟ್ಟಾದ ಗದ್ದೆಗಳಲ್ಲಿ ತೆಗೆದ ಹರಳುಪ್ಪು ಊರಿನ ಅಂಗಡಿಯಲ್ಲಿ ಸಿಕ್ಕರೆ ಒಂದು ಕಿಲೋ ಒಯ್ಯಿರಿ. ಮಾವಿನಮಿಡಿ ಉಪ್ಪಿನಕಾಯಿಗೆ ಅದರ ರುಚಿಯೇ ಬೇರೆ. ರೈಲಿನ ಸಮಯಕ್ಕಿಂತ ಅರ್ಧ ಗಂಟೆ ಜಾಸ್ತಿಯೇ ಇಟ್ಟುಕೊಳ್ಳಿ. ಬರುವಾಗ ಇಳಿದ ಮೆಟ್ಟಿಲನ್ನು ಈಗ ಉಪ್ಪಿನ ಭಾರದ ಜೊತೆ ಹತ್ತಬೇಕು.