ಬೆರಳಿಗೆ ತಾಗಿದ ಚೆಂಡು

1996ರ ಡಿಸೆಂಬರ್. ಧಾರವಾಡದ ಹತ್ತಿರದ ಒಂದೂರಿನಲ್ಲಿ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ. ಆಗಿನ್ನೂ ಹಳೆಯ 15 ಪಾಯಿಂಟಿನ ಆಟ. ಫೈನಲ್‌ನ ಕೊನೆಯ ಸೆಟ್ಟಿನಲ್ಲಿ ನಾವು 14, ಅವರು 13, ಸರ್ವಿಸ್ ನಮ್ಮದು. ಆಚೆಯ ಹುಡುಗ ಎಗರಿ ಹೊಡೆದ ಚೆಂಡು ನನ್ನ ಬ್ಲಾಕ್, ಅಂದರೆ ತಡೆಯಲು ನೆಟ್ ಮೇಲೆ ಚಾಚಿದ್ದ ಕೈಗಳನ್ನು, ದಾಟಿ ಗೆರೆಯಾಚೆ ಬಿತ್ತು. ದಾಟುವಾಗ ನನ್ನ ಬಲಗೈಯ ಕಿರುಬೆರಳನ್ನು ಸವರಿಕೊಂಡೇ ಹೋಗಿತ್ತು. ತಾಗಿ ಹೊರಬಿದ್ದರೆ ತಪ್ಪು ನಮ್ಮದು, ತಾಗದೆ ಬಿದ್ದರೆ ಅವರದು. ರೆಫರಿ ನನ್ನ ಮುಖ ನೋಡಿದರು. ನಾನು ತಲೆ ಅಲ್ಲಾಡಿಸಿದೆ, ಟಚ್ ಇಲ್ಲ ಎಂದು. ಸೀಟಿ ಊದಿತು, ನಾವು ಗೆದ್ದೆವು.

ಮಾರನೆಯ ದಿನ ಭಾನುವಾರ. ಚರ್ಚಿನ ಆರಾಧನೆಯಲ್ಲಿ ಬೈಬಲಿನ ವಾಕ್ಯ ಓದುವ ಸರದಿ ನನ್ನದು. ಸತ್ಯವೇದ ಹಿಡಿದಾಗ ಆ ಕಿರುಬೆರಳು ಬಾತು ನೀಲಿಗಟ್ಟಿತ್ತು, ಪುಟ ತಿರುವಲು ನೋಯುತ್ತಿತ್ತು. ಓದಿದ್ದು ಯಾವ ಭಾಗವೋ ನೆನಪಿಲ್ಲ, ಬೆರಳು ಮಾತ್ರ ಇವತ್ತಿಗೂ ಕಣ್ಣ ಮುಂದಿದೆ. ಯಾರಿಗೂ ಹೇಳಲಿಲ್ಲ. ಅಂದು ಗೆದ್ದ ಕಪ್ ಎಷ್ಟೋ ವರ್ಷ ನಮ್ಮ ಸಭೆಯ, ಅಂದರೆ ಚರ್ಚಿನ, ಬೀರುವಿನಲ್ಲಿತ್ತು, ಬಂಗಾರದ ಬಣ್ಣ ಸುಲಿದು ಒಳಗಿನ ಪ್ಲಾಸ್ಟಿಕ್ ಕಾಣುವವರೆಗೆ.

2011ರಲ್ಲಿ ಸಭೆಯ ಯುವಜನರ ಹೊಣೆ ನನ್ನ ಹೆಗಲಿಗೆ ಬಂತು. ಶುಕ್ರವಾರದ ಪ್ರಾರ್ಥನಾ ಕೂಟಕ್ಕೆ ಬರುತ್ತಿದ್ದವರು ನಾಲ್ಕೈದು ಮಂದಿ. ದೇವಾಲಯದ ಹಿಂದೆ ಖಾಲಿ ಜಾಗವಿತ್ತು. ಹುಲ್ಲು ಕೀಳಿಸಿ, ಎರಡು ಕಬ್ಬಿಣದ ಕಂಬ ನೆಟ್ಟು ನೆಟ್ ಕಟ್ಟಿದೆ. ಶುಕ್ರವಾರ ಪ್ರಾರ್ಥನೆಗೆ ಬಂದವರಿಗಷ್ಟೇ ಶನಿವಾರ ಆಟ ಎಂದು ನಿಯಮ ಮಾಡಿ ಹಾಜರಿ ಪುಸ್ತಕವನ್ನೂ ಇಟ್ಟೆ. ಒಂದೇ ತಿಂಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಹುಡುಗರಾದರು. ಸಭಾಪಾಲಕರು ಸಂತೋಷಪಟ್ಟರು, ನಾನೂ ಹಿಗ್ಗಿದೆ. ಪ್ರಾರ್ಥನೆಯ ಹೊತ್ತಿಗೆ ಅವರ ಕಣ್ಣು ಗಡಿಯಾರದ ಮೇಲಿರುತ್ತಿತ್ತು. ಅದು ಕಂಡರೂ ಕಾಣದಂತೆ ಇದ್ದೆ.

ಪಕ್ಕದ ಓಣಿಯ ಒಬ್ಬ ಹುಡುಗ ಬರುತ್ತಿದ್ದ. ಕ್ರೈಸ್ತನಲ್ಲ. ಒಳ್ಳೆಯ ಲಿಫ್ಟರ್, ಚೆಂಡು ಅವನ ಬೆರಳಿನಿಂದ ಸದ್ದೇ ಇಲ್ಲದೆ ಮೇಲೇಳುತ್ತಿತ್ತು. ಎರಡು ಶುಕ್ರವಾರ ತಪ್ಪಿಸಿದ, ನಾನು ಅವನ ಹೆಸರಿಗೆ ಗೀಟು ಹಾಕಿದೆ. ಶನಿವಾರ ಗೇಟಿನ ಸಲಾಕೆ ಹಿಡಿದು ನಿಂತು ಕೇಳಿದ: "ಪ್ರಾರ್ಥನಾಕ್ಕ ಬರ್ಲಿಲ್ಲಂದ್ರ ಬಾಲ್ ಮುಟ್ಟಬಾರ್ದೇನ್ರೀ ಸರ?"

ನನ್ನಲ್ಲಿ ಉತ್ತರವಿರಲಿಲ್ಲ. ಆಟವನ್ನು ನಾನು ಗಾಳಕ್ಕೆ ಸಿಕ್ಕಿಸಿದ ಎರೆಹುಳುವಿನಂತೆ ಬಳಸುತ್ತಿದ್ದೆ. ಹುಡುಗರಿಗೂ ಅದು ಗೊತ್ತಿತ್ತು. ಪ್ರಾರ್ಥನೆ ಅವರಿಗೆ ಆಟಕ್ಕೆ ತೆರಬೇಕಾದ ಸುಂಕವಾಗಿತ್ತು, ದೇವರು ಸುಂಕದ ಕಟ್ಟೆಯಲ್ಲಿ ಕೂತವನಾಗಿದ್ದ. ಹೀಗೆ ಮಾಡಿದವನು ನಾನೇ.

ಆ ವಾರ ಬೈಬಲಿನ ಜೆಕರ್ಯನ ಪುಸ್ತಕ ಓದುತ್ತಿದ್ದೆ. ಹಾಳಾಗಿದ್ದ ಯೆರೂಸಲೇಮನ್ನು ದೇವರು ಮತ್ತೆ ಎತ್ತಿ ನಿಲ್ಲಿಸಿದಾಗ ಅದು ಹೇಗಿರುತ್ತದೆ ಎಂಬ ಚಿತ್ರ ಎಂಟನೆಯ ಅಧ್ಯಾಯದಲ್ಲಿದೆ. ಮುದುಕರೂ ಮುದುಕಿಯರೂ ಕೋಲು ಹಿಡಿದು ಚೌಕಗಳಲ್ಲಿ ಕೂತಿರುತ್ತಾರೆ, ಬೀದಿಗಳ ತುಂಬ ಹುಡುಗ ಹುಡುಗಿಯರು ಆಡುತ್ತಿರುತ್ತಾರೆ. ಅಷ್ಟೇ. ಯಾತಕ್ಕಾಗಿ ಆಡುತ್ತಾರೆ, ಅದರಿಂದ ಏನು ಬಂತು, ಒಂದು ಮಾತೂ ಇಲ್ಲ. ಎಷ್ಟೋ ಸಲ ಓದಿದ್ದ ಐದನೆಯ ವಚನ ಆ ದಿನ ನನ್ನನ್ನು ಹಿಡಿದು ಕೂರಿಸಿತು. ಆಟವೇ ದೇವರು ಕೊಟ್ಟ ವರವಾದರೆ ಅದಕ್ಕೆ ನಾನು ಟಿಕೆಟ್ ಹರಿಯುವುದು ಯಾವ ನ್ಯಾಯ?

ಹಾಜರಿ ಪುಸ್ತಕ ಮುಚ್ಚಿದೆ. ಆ ಹುಡುಗನ ಮನೆಗೆ ಹೋಗಿ ಕರೆದುಕೊಂಡು ಬಂದೆ. ಪ್ರಾರ್ಥನಾ ಕೂಟದಲ್ಲಿ ಮತ್ತೆ ಏಳೆಂಟೇ ಮಂದಿ ಉಳಿದರು. ಆದರೆ ಆ ಏಳೆಂಟು ಮಂದಿ ಗಡಿಯಾರ ನೋಡುತ್ತಿರಲಿಲ್ಲ.

ಭಾನುವಾರ ಆಡಬಹುದೇ ಎಂಬ ಪ್ರಶ್ನೆ ಆಮೇಲೆ ಬಂತು. ಕಾಲೇಜು ಹುಡುಗರಿಗೆ ಬಿಡುವಿರುವುದೇ ಆವತ್ತು. ನಮ್ಮ ಕಡೆಯ ಸಭೆಗಳನ್ನು ಕಟ್ಟಿದ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದವರು. ಅವರ ಕ್ರೈಸ್ತ ಭಕ್ತಿಪಂಥದಲ್ಲಿ (ಪೈಯಟಿಸಂ) ಭಾನುವಾರವೆಂದರೆ ಭಾನುವಾರ, ದೇವರಿಗೆ ಮೀಸಲು. ನಮ್ಮ ಹಿರಿಯರು ಆ ಶಿಸ್ತಿನಲ್ಲೇ ಬೆಳೆದವರು, ನಾನು ಅದನ್ನು ಹಗುರವಾಗಿ ಕಾಣುವವನಲ್ಲ. ಕಮಿಟಿಯಲ್ಲಿ ಒಬ್ಬ ಹಿರಿಯರು ಎದ್ದು ಎರಿಕ್ ಲಿಡೆಲ್‌ನ ಹೆಸರು ಹೇಳಿದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರಿನ ಆರಂಭಿಕ ಸುತ್ತು ಭಾನುವಾರ ಬಿತ್ತೆಂದು ಓಡಲೊಪ್ಪದೆ, 400 ಮೀಟರಿನಲ್ಲಿ 47.6 ಸೆಕೆಂಡಿಗೆ ಚಿನ್ನ ಗೆದ್ದ ಸ್ಕಾಟ್ಲೆಂಡಿನ ಓಟಗಾರ. ಚಿನ್ನವನ್ನೇ ಬಿಡಲು ಸಿದ್ಧನಿದ್ದವನ ಎದುರು ನಿಮ್ಮ ಹುಡುಗರ ಪ್ರಾಕ್ಟೀಸ್ ಏನು ದೊಡ್ಡದು ಎಂದು ಕೇಳಿದರು.

ಕತೆಯ ಮುಂದಿನ ಭಾಗ ನನಗೆ ಗೊತ್ತಿತ್ತು, ಅದನ್ನು ಹೇಳಿದೆ. ಲಿಡೆಲ್ ಮಿಷನರಿಯಾಗಿ ಚೀನಾಕ್ಕೆ ಹೋದ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನವರು ಅವನನ್ನು ವೈಶಿಯೆನ್ ಶಿಬಿರದಲ್ಲಿ ಬಂಧಿಸಿಟ್ಟರು. ಅಲ್ಲಿನ ಮಕ್ಕಳಿಗೆ ಆಟ ಆಡಿಸುತ್ತಿದ್ದ, ಭಾನುವಾರ ಮಾತ್ರ ಇಲ್ಲ. ಒಂದು ಭಾನುವಾರ ಮಕ್ಕಳು ತಾವೇ ಹಾಕಿ ಆಡಲು ಹೋಗಿ, ನೋಡಿಕೊಳ್ಳುವವರಿಲ್ಲದೆ ಜಗಳವಾಡಿಕೊಂಡರು. ಅದಾದ ಮೇಲೆ ಭಾನುವಾರವೂ ಅವನೇ ರೆಫರಿಯಾಗಿ ನಿಂತ. ಪದಕಕ್ಕಾಗಿ ಮುರಿಯದ ನಿಯಮವನ್ನು ಮಕ್ಕಳಿಗಾಗಿ ಸಡಿಲಿಸಿದವನು, 1945ರ ಫೆಬ್ರುವರಿಯಲ್ಲಿ ಅದೇ ಶಿಬಿರದಲ್ಲಿ ತೀರಿಕೊಂಡ.

ಹಿರಿಯರು ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ ಅವರೇ ದಾರಿ ತೋರಿಸಿದರು: ಆರಾಧನೆ ಮುಗಿದು, ಊಟವಾಗಿ, ಸಂಜೆ ನಾಲ್ಕರ ಮೇಲೆ ಆಡಲಿ. ಭಾನುವಾರ ಬೆಳಿಗ್ಗೆ ಶುರುವಾಗುವ ಪಂದ್ಯಾವಳಿಗೆ ನಮ್ಮ ತಂಡ ಹೋಗುವುದು ಬೇಡ. ಇದರಿಂದ ಕೆಲವು ಒಳ್ಳೆಯ ಪಂದ್ಯಾವಳಿಗಳು ಕೈತಪ್ಪಿವೆ. ಹುಡುಗರು ಗೊಣಗಿದ್ದಾರೆ, ಆದರೂ ನಾವು ಆ ಮಾತಿಗೆ ನಿಂತಿದ್ದೇವೆ.

ವಾಲಿಬಾಲ್ ಹುಟ್ಟಿದ್ದೇ ಒಂದು ಕ್ರೈಸ್ತ ಸಂಸ್ಥೆಯಲ್ಲಿ ಎಂದು ನಮ್ಮ ಹುಡುಗರಿಗೆ ಗೊತ್ತಿರಲಿಲ್ಲ. 1895ರಲ್ಲಿ ಅಮೆರಿಕದ ಹೋಲಿಯೋಕ್ ಎಂಬ ಊರಿನ ವೈಎಂಸಿಎಯಲ್ಲಿ ವಿಲಿಯಂ ಮಾರ್ಗನ್ ಇದನ್ನು ರೂಪಿಸಿದ. ಅದಕ್ಕೆ ನಾಲ್ಕು ವರ್ಷ ಮೊದಲು ಇನ್ನೊಂದು ವೈಎಂಸಿಎಯಲ್ಲಿ ಹುಟ್ಟಿದ್ದ ಬಾಸ್ಕೆಟ್‌ಬಾಲಿನ ತಳ್ಳಾಟ ವಯಸ್ಸಾದವರಿಗೆ ಆಗಿಬರುತ್ತಿರಲಿಲ್ಲ. ಅದಕ್ಕೇ ಮಧ್ಯೆ ನೆಟ್ ಕಟ್ಟಿದ. ನೆಟ್ ಇರುವ ಆಟದಲ್ಲಿ ಎದುರಾಳಿಯ ಮೈ ಮುಟ್ಟುವ ಹಾಗಿಲ್ಲ. ಆದರೆ ಅವನಿಲ್ಲದೆ ಆಟವೂ ಇಲ್ಲ. ಚೆಂಡನ್ನು ತಿರುಗಿ ನನ್ನ ಕಡೆಗೆ ಕಳಿಸುವವನು ಅವನೇ. ಪಂದ್ಯಕ್ಕೆ ಮುಂಚೆ "ಕರ್ತನೇ, ನಮಗೆ ಜಯ ಕೊಡು" ಎಂದು ಬೇಡುವುದನ್ನು ನಾವು ನಿಲ್ಲಿಸಿದ್ದು ಈ ಕಾರಣಕ್ಕೆ. ಆಚೆ ಕಡೆಯವರನ್ನೂ ಕರೆದು ಒಟ್ಟಿಗೆ ನಿಂತು, ಯಾರ ಕಾಲೂ ಉಳುಕದಿರಲಿ ಎಂದು ಕೇಳಿಕೊಳ್ಳುತ್ತೇವೆ. ಅವರು ಬೇಡವೆಂದರೆ ಒತ್ತಾಯವಿಲ್ಲ.

ಇನ್ನೊಂದು ನಿಯಮ ನನ್ನ ಕಿರುಬೆರಳಿನಿಂದ ಬಂದದ್ದು. ಅದನ್ನು ಜಾರಿಗೆ ತರುವ ಮೊದಲು 1996ರ ಕತೆಯನ್ನು ಹುಡುಗರ ಮುಂದೆ ಪೂರ್ತಿ ಹೇಳಿದೆ. ಹದಿನೈದು ವರ್ಷ ಬಚ್ಚಿಟ್ಟಿದ್ದನ್ನು ಹೇಳುವಾಗ ಗಂಟಲು ಕಟ್ಟಿತು. ನಮ್ಮ ಪ್ರಾಕ್ಟೀಸಿನಲ್ಲಿ ರೆಫರಿ ಇರುವುದಿಲ್ಲ. ಬ್ಲಾಕಿನಲ್ಲಿ ಚೆಂಡು ತಾಗಿದರೆ, ನೆಟ್ ಮುಟ್ಟಿದರೆ, ತಾಗಿದವನೇ ಕೈ ಎತ್ತಬೇಕು. ಮೊದಲ ಆರು ತಿಂಗಳು ಬರೀ ವಾದ. ಕೈ ಎತ್ತಿದವನನ್ನು ಅವನ ತಂಡದವರೇ ಬೈಯುತ್ತಿದ್ದರು. ನಾನು ಮಧ್ಯೆ ಬಾಯಿ ಹಾಕಲಿಲ್ಲ. ಬರಬರುತ್ತ, ಕೈ ಎತ್ತಿದವನ ಬೆನ್ನು ತಟ್ಟಲು ಆಚೆಯವರೇ ನೆಟ್ ಕೆಳಗೆ ಕೈ ಚಾಚತೊಡಗಿದರು.

2019ರಲ್ಲಿ ಒಂದು ಸೆಮಿಫೈನಲ್. ಮೂರನೆಯ ಸೆಟ್, 15 ಪಾಯಿಂಟಿನ ಕೊನೆಯ ಸೆಟ್, ನಾವು 13, ಅವರು 14. ಅವರ ಸ್ಮ್ಯಾಶ್ ಹೊರಗೆ ಬಿತ್ತು, ರೆಫರಿ ಪಾಯಿಂಟ್ ನಮಗೆ ಕೊಟ್ಟರು. 14-14 ಎಂದು ಜನ ಕೂಗುತ್ತಿದ್ದಾಗ ನಮ್ಮ ಬ್ಲಾಕರ್ ಕೈ ಎತ್ತಿ ನಿಂತಿದ್ದ. ಹತ್ತೊಂಬತ್ತರ ಹುಡುಗ. ರೆಫರಿಗೆ ಅರ್ಥವಾಗಲಿಲ್ಲ, ಕುರ್ಚಿಯಿಂದ ಬಗ್ಗಿ ಏನೆಂದು ಕೇಳಿದರು. "ಬೆರಳಿಗೆ ತಾಗೇತ್ರೀ ಸರ" ಎಂದ. ಅವರು ಇನ್ನೊಮ್ಮೆ ಕೇಳಿದರು, ಅವನು ಇನ್ನೊಮ್ಮೆ ಅದನ್ನೇ ಹೇಳಿದ. ಸೀಟಿ ಊದಿತು, ನಾವು ಸೋತೆವು. ನಮ್ಮ ಊರಿನಿಂದ ಬಂದಿದ್ದ ಇಬ್ಬರು ಅವನನ್ನು ಬಾಯಿಗೆ ಬಂದಂತೆ ಬೈದರು. ಅವನು ಮಾತಾಡದೆ ಬೂಟಿನ ದಾರ ಬಿಚ್ಚುತ್ತಿದ್ದ, ಕಣ್ಣಲ್ಲಿ ನೀರಿತ್ತು. ನಾನು ಪಕ್ಕದಲ್ಲಿ ಕೂತೆ, ಏನೂ ಹೇಳಲಾಗಲಿಲ್ಲ. ಅವನ ಕೈ ಹಿಡಿದು ನೋಡಿದೆ. ತೋರುಬೆರಳ ತುದಿ ಸ್ವಲ್ಪ ಕೆಂಪಾಗಿತ್ತು, ಅಷ್ಟೇ.

ಬೈಬಲಿನಲ್ಲಿ, ಅಪೊಸ್ತಲ ಪೌಲನು ಗ್ರೀಸಿನ ಕೊರಿಂಥದವರಿಗೆ ಬರೆದ ಪತ್ರದಲ್ಲಿ ಬಾಡುವ ಕಿರೀಟದ ಮಾತು ಬರುತ್ತದೆ. ಕೊರಿಂಥದ ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡೆಗಳು ನಡೆಯುತ್ತಿದ್ದವು, ಗೆದ್ದವರ ತಲೆಗೆ ಎಲೆಯ ಕಿರೀಟ. ಆಟಗಾರರ ಶಿಸ್ತನ್ನು ಪೌಲ ಮೆಚ್ಚಿಯೇ ಬರೆದಿದ್ದಾನೆ, ಹಂಗಿಸಿಲ್ಲ. ಬಣ್ಣ ಸುಲಿದ ನಮ್ಮ ಕಪ್ಪನ್ನು 2019ರ ಆ ವಾರವೇ ಬೀರುವಿನಿಂದ ತೆಗೆದೆ. 1996ರಲ್ಲಿ ಎದುರು ಆಡಿದ ತಂಡದ ನಾಯಕ ಈಗ ಅದೇ ಊರಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾರೆ. ಕಪ್ಪನ್ನು ಅವರ ಗಲ್ಲೆಯ ಮೇಲಿಟ್ಟು ನಡೆದದ್ದನ್ನು ಹೇಳಿದೆ. "ನಂಗ ಅವತ್ತೇ ಗೊತ್ತಿತ್ತು" ಎಂದರು, ಚಹಾ ತರಿಸಿದರು.

ಅವರ ಮಗಳು ವಾಲಿಬಾಲ್ ಆಡುತ್ತಾಳಂತೆ, ನಮ್ಮ ಅಂಗಳಕ್ಕೆ ಕಳಿಸಬಹುದೇ ಎಂದು ಕೇಳಿದರು. ಅಲ್ಲಿಯವರೆಗೆ ನಮ್ಮಲ್ಲಿ ಹುಡುಗಿಯರ ತಂಡವಿರಲಿಲ್ಲ. ಹುಡುಗರ ನೆಟ್ 2.43 ಮೀಟರ್, ಹುಡುಗಿಯರದು 2.24. ಮುಂದಿನ ಶನಿವಾರ ವೆಲ್ಡಿಂಗ್‌ನವನನ್ನು ಕರೆಸಿ ಎರಡೂ ಕಂಬಗಳಿಗೆ ಕೆಳಗೊಂದು ಕೊಂಡಿ ಹಾಕಿಸಿದೆ.