ಲೇನಿಯರ್ ಸರೋವರದಲ್ಲಿ ಸೆಪ್ಟೆಂಬರ್ ತಿಂಗಳ ಬಾಸ್ ಬೇಟೆ

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾದ ಉತ್ತರಕ್ಕಿರುವ ಲೇನಿಯರ್ ಸರೋವರಕ್ಕೆ ಸೆಪ್ಟೆಂಬರ್‌ನಲ್ಲಿ ಗಾಳ ಹಿಡಿದು ಹೊರಡುವ ಗೆಳೆಯರಿಗೆ ನಾನು ಹೇಳುವುದಿಷ್ಟು: ಮೊದಲು ಹೆರಿಂಗ್ ಮೀನಿನ ಹಿಂಡು ಎಲ್ಲಿದೆ ನೋಡಿ, ಅದನ್ನು ತಿನ್ನುವ ಬಾಸ್ ಮೀನು ಅದರ ಬೆನ್ನಿಗೇ ಇರುತ್ತದೆ. ಬೆಳಗಿನ ಗಾಳಿ ತಂಪಾಯಿತೆಂದು ದಡಕ್ಕೆ ಅಂಟಿಕೊಳ್ಳಬೇಡಿ. ನೀರಿನ ಮೇಲ್ಪದರ ಇನ್ನೂ 80 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲಿರುತ್ತದೆ. ಇಲ್ಲಿನ ಬಾಸ್ ಜಾತಿಯಾದ ಸ್ಪಾಟೆಡ್ ಬಾಸ್‌ಗೆ ಅದು ಬೇಸಿಗೆಯೇ.

1950ರ ದಶಕದಲ್ಲಿ ಚಟ್ಟಹೂಚಿ ನದಿಗೆ ಬ್ಯೂಫೋರ್ಡ್ ಅಣೆಕಟ್ಟು ಕಟ್ಟಿದಾಗ ಮುಳುಗಿದ್ದು ಗುಡ್ಡಗಾಡು ಪ್ರದೇಶ. ಹಾಗಾಗಿ ಸರೋವರದ ನಡುವೆಯೇ ಗುಡ್ಡಗಳ ನೆತ್ತಿಗಳಿವೆ. ಸುತ್ತ ಆಳವಿದ್ದು, ನೆತ್ತಿ ಮಾತ್ರ 15ರಿಂದ 30 ಅಡಿ ಕೆಳಗಿರುವ ಜಾಗ ಹುಡುಕಿ. ಮೀನಿಗೆ ನೆಲೆಯಾಗಲೆಂದು ಮೀನುಗಾರರು ಅಲ್ಲಿ ಸೀಡರ್ ಮರದ ಕೊಂಬೆಗಳನ್ನೂ ಹಳೆಯ ಕ್ರಿಸ್ಮಸ್ ಮರಗಳನ್ನೂ ಭಾರ ಕಟ್ಟಿ ಮುಳುಗಿಸಿರುತ್ತಾರೆ. ಶಬ್ದದಲೆಯಿಂದ ನೀರಿನಡಿ ತೋರಿಸುವ ಸೋನಾರ್ ಪರದೆಯಲ್ಲಿ ಅಂಥದ್ದು ಕಂಡರೆ ಗುರುತು ಹಾಕಿಕೊಂಡು, ದೋಣಿಯನ್ನು ಗಾಳ ಎಸೆಯುವಷ್ಟು ದೂರಕ್ಕೆ ಒಯ್ದು ನಿಲ್ಲಿಸಿ. ಮೀನಿನ ತಲೆಯ ಮೇಲೆ ಎಂಜಿನ್ ಓಡಿಸಿದರೆ ಆ ಜಾಗದ ಕಥೆ ಮುಗಿಯಿತು.

ಬಾಸ್ ಎಂದರೆ ನಸುಕಿನ ಬೇಟೆ ಎಂಬ ಮಾತು ಈ ಸರೋವರದಲ್ಲಿ ಅರ್ಧ ಮಾತ್ರ ನಿಜ. ಬಿಸಿಲೇರಿ, ನೀರಿನ ಮೇಲೆ ಸಣ್ಣ ಅಲೆ ಎದ್ದಾಗ ಹೆರಿಂಗ್ ಮೇಲಕ್ಕೆ ಬರುತ್ತದೆ. ಆಗ ಹತ್ತು ಗಂಟೆಗೂ, ಮಧ್ಯಾಹ್ನಕ್ಕೂ ಬಾಸ್ ತಳದ ಕೊಂಬೆಗಳಿಂದ ಬಾಣದಂತೆ ಮೇಲೇಳುತ್ತದೆ. ನನಗೆ ಈ ಊರಿನಲ್ಲಿ ಇದಕ್ಕಿಂತ ದೊಡ್ಡ ಸಂತೋಷವಿಲ್ಲ. ನಾಲ್ಕೈದು ಅಂಗುಲದ ತೇಲುವ ಲ್ಯೂರ್ (ಮೀನಿನಂತೆ ಕಾಣುವ ಕೃತಕ ಎರೆ) ಕಟ್ಟಿ, ಆ ನೆತ್ತಿಯನ್ನು ದಾಟಿ ಬೀಳುವಂತೆ ಎಸೆಯಿರಿ. ಕೋಲಿನ ತುದಿಯನ್ನು ನೀರಿನತ್ತ ಬಾಗಿಸಿ ಮಣಿಕಟ್ಟಿನಿಂದ ಚಿಕ್ಕ ಚಿಕ್ಕ ಎಳೆತ ಕೊಡಿ. ಪ್ರತಿ ಎಳೆತದ ನಂತರ ದಾರ ಒಂದಿಷ್ಟು ಸಡಿಲವಾಗಲೇಬೇಕು. ಆಗಲೇ ಲ್ಯೂರ್ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಮೂತಿ ತಿರುಗಿಸುತ್ತದೆ. ದಾರ ಬಿಗಿಯಾಗಿದ್ದರೆ ಬರೀ ನೇರ ಬಂದುಬಿಡುತ್ತದೆ. ನೀರು ಸಿಡಿದ ಕೂಡಲೇ ಕೋಲನ್ನು ಮೇಲಕ್ಕೆತ್ತಬೇಡಿ. ಮೀನು ಎಷ್ಟೋ ಸಲ ಮೊದಲ ಹೊಡೆತದಲ್ಲಿ ಗುರಿ ತಪ್ಪಿ ಮತ್ತೆ ಬರುತ್ತದೆ. ಲ್ಯೂರ್ ಆಡಿಸುತ್ತಲೇ ಇರಿ, ಕೈಗೆ ಭಾರ ತಿಳಿದ ಮೇಲೆ ಎಳೆಯಿರಿ.

ಗಾಳಿ ನಿಂತು ನೀರು ಕನ್ನಡಿಯಾದರೆ ಮೇಲಿನ ಆಟ ಬಿಡಿ. ಆರರಿಂದ ಎಂಟು ಪೌಂಡ್ ಎಳೆತ ತಡೆಯುವ ಫ್ಲೋರೋಕಾರ್ಬನ್ (ನೀರಿನಲ್ಲಿ ಎದ್ದು ಕಾಣದ ಪ್ಲಾಸ್ಟಿಕ್) ದಾರದ ತುದಿಗೆ ಸೀಸದ ಗುಂಡು, ಅದಕ್ಕಿಂತ ಒಂದಡಿ ಮೇಲೆ ಸಣ್ಣ ಕೊಕ್ಕೆ, ಕೊಕ್ಕೆಗೆ ರಬ್ಬರಿನ ಹುಳು. ನೇರವಾಗಿ ಕೊಂಬೆಗಳ ಪಕ್ಕಕ್ಕೆ ಇಳಿಸಿ. ಗುಂಡು ತಳದಲ್ಲೇ ಇರಲಿ, ಹುಳು ಮಾತ್ರ ನಡುಗಲಿ.

ಸಿಕ್ಕಿದ್ದು ಸ್ಪಾಟೆಡ್ ಬಾಸೋ, ಅದರ ಸಂಬಂಧಿ ಲಾರ್ಜ್‌ಮೌತ್ ಬಾಸೋ ಎಂಬ ಅನುಮಾನವಿದ್ದರೆ ಬಾಯಿ ತೆರೆದು ನಾಲಿಗೆಯ ನಡುವೆ ಬೆರಳಿಟ್ಟು ನೋಡಿ. ಸ್ಪಾಟೆಡ್ ಬಾಸ್ ಆದರೆ ಉಪ್ಪುಕಾಗದದಂತೆ ಒರಟಾದ ಸಣ್ಣ ಹಲ್ಲುಗಳ ಗುಂಪು ತಾಕುತ್ತದೆ. ಲಾರ್ಜ್‌ಮೌತ್‌ನ ಮೇಲ್ದವಡೆಯಾದರೋ ಬಾಯಿ ಮುಚ್ಚಿದಾಗ ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿರುತ್ತದೆ. ಹದಿನಾರು ತುಂಬಿದವರಿಗೆ ಜಾರ್ಜಿಯಾದ ಮೀನುಗಾರಿಕೆ ಪರವಾನಗಿ ಬೇಕು. ಮನೆಗೊಯ್ಯುವ ಮೀನಿನ ಅಳತೆ, ಸಂಖ್ಯೆಗಳನ್ನು ಆ ವರ್ಷದ ನಿಯಮಪುಸ್ತಕದಲ್ಲಿ ನೋಡಿಕೊಳ್ಳಿ.

ಮೀನನ್ನು ನೀರಿಗೆ ಬಿಡುವುದಾದರೆ ಮೊದಲು ಕೈ ಒದ್ದೆ ಮಾಡಿಕೊಳ್ಳಿ, ಒಣಗೈ ಅದರ ಮೈಮೇಲಿನ ಲೋಳೆಯನ್ನು ಕಿತ್ತುಬಿಡುತ್ತದೆ. ಬಿಸಿನೀರಿನ ಕಾಲದಲ್ಲಿ ಫೋಟೋಗಾಗಿ ಹೆಚ್ಚು ಹೊತ್ತು ಮೇಲಿಟ್ಟುಕೊಳ್ಳುವುದು ಅದಕ್ಕೆ ಮಾಡುವ ಅನ್ಯಾಯ.

ಅಕ್ಟೋಬರ್‌ನಲ್ಲಿ ನೀರು 70 ಡಿಗ್ರಿಯ ಕೆಳಕ್ಕಿಳಿಯುತ್ತಿದ್ದಂತೆ ಬಾಸ್ ತಿನ್ನುವ ಶ್ಯಾಡ್ ಎಂಬ ಸಣ್ಣ ಮೀನುಗಳು ತೊರೆಗಳ ಕವಲಿನೊಳಕ್ಕೆ ಹೋಗುತ್ತವೆ. ಆಗ ನೀವೂ ನಡುನೀರು ಬಿಟ್ಟು ಅತ್ತ ದೋಣಿ ತಿರುಗಿಸಿ.