ಹಳೇ ಆಟೋಮ್ಯಾಟಿಕ್ ಕಾರಿನ ಗಿಯರ್ ಆಯಿಲ್: ಬದಲಿಸೋದು ಹೇಗೆ, ಅಳೆಯೋದು ಹೇಗೆ

ನಮ್ಮ ಕಾಕಾ ಬಿಟ್ಟುಹೋದ 1984ರ ಬೆಂಝ್ ಕಾರು ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ನಮ್ಮ ಮನೆಯ ಶೆಡ್ಡಿನಲ್ಲಿದೆ. ಮಾದರಿಯ ಹೆಸರು ಡಬ್ಲ್ಯು 123. ಮರ್ಸಿಡಿಸ್ ಕಂಪನಿ 1975ರ ಕೊನೆಯಿಂದ 1986ರ ಶುರುವಿನವರೆಗೆ ಇಂಥ ಸುಮಾರು 27 ಲಕ್ಷ ಗಾಡಿ ಮಾಡಿತು. ನಮ್ಮದಕ್ಕೆ ಕ್ಲಚ್ ಪೆಡಲ್ ಇಲ್ಲ, ಆಟೋಮ್ಯಾಟಿಕ್ ಗಿಯರ್.

ಕೆಲವು ವರ್ಷದ ಹಿಂದೆ ಅದರ ಗಿಯರ್ ಆಯಿಲ್ ಬದಲಿಸಲು ಒಂದು ಗ್ಯಾರೇಜಿಗೆ ಬಿಟ್ಟಿದ್ದೆ. ಅಲ್ಲಿನ ಹುಡುಗ ಹೊಸ ಆಯಿಲ್ ಹಾಕಿ, ಗಾಡಿ ಇನ್ನೂ ತಣ್ಣಗಿದ್ದಾಗಲೇ ಗೇಜು, ಅಂದರೆ ಆಯಿಲ್ ಮಟ್ಟ ತೋರಿಸುವ ಕಡ್ಡಿ, ಎಳೆದು ನೋಡಿದ. "ಕಡಿಮಿ ತೋರಸಾಕತ್ತೈತ್ರೀ ಸರ, ಇನ್ನೊಂದು ಲೀಟರ್ ಹಾಕ್ತೀನ್ರೀ" ಅಂದ. ನಾನೂ ಹೂಂ ಅಂದೆ. ಧಾರವಾಡದ ದಾರಿಯಲ್ಲಿ ನವಲೂರು ಹತ್ತಿರ ಬರುವಷ್ಟರಲ್ಲಿ ಎಂಜಿನ್ ಕೂಗುತ್ತಿತ್ತು, ಗಾಡಿ ಮಾತ್ರ ಎಳೆಯುತ್ತಿರಲಿಲ್ಲ. ಕೆಳಗಿನಿಂದ ಹೊಗೆ. ಇಳಿದು ಬಗ್ಗಿ ನೋಡಿದರೆ ಕೆಂಪು ನೊರೆ ಸೈಲೆನ್ಸರ್ ಪೈಪಿನ ಮೇಲೆ ತೊಟ್ಟಿಕ್ಕಿ ಸುಡುತ್ತಿತ್ತು.

ಅವತ್ತಿನಿಂದ ಈ ಕೆಲಸ ನಾನೇ ಮಾಡುತ್ತೇನೆ. ಬದಲಿಸೋದು ಅಂಥ ಕಷ್ಟವೇನಲ್ಲ. ಕಷ್ಟ ಇರೋದು ಅಳತೆಯಲ್ಲಿ.

ಯಾಕೆ ಅಂದರೆ, ಸಾದಾ ಗಿಯರ್ ಪೆಟ್ಟಿಗೆಯಲ್ಲಿ ಆಯಿಲ್ ಹಲ್ಲು ಸವೆಯದಂತೆ ಕಾಯುತ್ತೆ, ಅಷ್ಟೇ. ಆಟೋಮ್ಯಾಟಿಕ್‌ನಲ್ಲಿ ಆಯಿಲ್ಲೇ ದುಡಿಯೋದು. ಎಂಜಿನ್ನಿನ ಶಕ್ತಿ, ಗಿಯರ್ ಪೆಟ್ಟಿಗೆಯ ಮುಂದೆ ಕೂತ ಟಾರ್ಕ್ ಕನ್ವರ್ಟರ್ ಅನ್ನುವ ದುಂಡನೆಯ ಡಬ್ಬಿಯೊಳಗೆ, ಆಯಿಲ್ ಮೂಲಕ ಗಿಯರಿಗೆ ದಾಟುತ್ತೆ. ಗಿಯರ್ ಹಿಡಿಯುವ ಕ್ಲಚ್ ಪ್ಲೇಟುಗಳನ್ನು ಒತ್ತೋದೂ ಅದೇ ಆಯಿಲ್ಲಿನ ಒತ್ತಡ. ಆಯಿಲ್ ಕಡಿಮೆಯಾದರೆ ಪಂಪ್ ಗಾಳಿ ಎಳೆಯುತ್ತೆ, ಒತ್ತಡ ಬೀಳುತ್ತೆ, ಗಿಯರ್ ಜಾರುತ್ತೆ. ಜಾಸ್ತಿಯಾದರೆ ತಿರುಗುವ ಭಾಗಗಳು ಆಯಿಲ್ಲಿಗೆ ತಾಗಿ ಮಜ್ಜಿಗೆ ಕಡೆದ ಹಾಗೆ ಕಡೆಯುತ್ತವೆ. ನೊರೆ ಏಳುತ್ತೆ. ನೊರೆಯಲ್ಲಿ ಇರೋದು ಗಾಳಿಯೇ ಅಲ್ವಾ? ಆಗಲೂ ಗಿಯರ್ ಜಾರುತ್ತೆ, ಉಸಿರುಗಂಡಿಯಿಂದ ಆಯಿಲ್ ಉಕ್ಕಿ ಹೊರಗೆ ಬರುತ್ತೆ. ನನ್ನ ಗಾಡಿಗೆ ಆದದ್ದು ಅದೇ.

ಯಾವ ಆಯಿಲ್?

ಗಾಡಿಯ ಪುಸ್ತಕ ನೋಡಿ, ಅದರಲ್ಲಿ ಬರೆದದ್ದನ್ನೇ ತನ್ನಿ. ಆ ಕಾಲದ ಬೆಂಝ್ ಗಾಡಿಗಳಿಗೆ ಡೆಕ್ಸ್ರಾನ್ 2 ಬೇಕು. ಈಗ ಅದರ ಬದಲು ಡೆಕ್ಸ್ರಾನ್ 3 ದರ್ಜೆಯದನ್ನು ಹಾಕುತ್ತಾರೆ. ಡೆಕ್ಸ್ರಾನ್ ಅನ್ನೋದು ಅಮೆರಿಕದ ಜನರಲ್ ಮೋಟಾರ್ಸ್ 1968ರಲ್ಲಿ ತಂದ ಹೆಸರು. ಶುರುವಿನಲ್ಲಿ ಕ್ಲಚ್ ಪ್ಲೇಟು ನಯವಾಗಿ ಹಿಡಿಯಲಿ ಅಂತ ಅದಕ್ಕೆ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. ತಿಮಿಂಗಿಲ ಬೇಟೆಗೆ ತಡೆ ಬಿದ್ದ ಮೇಲೆ ಡೆಕ್ಸ್ರಾನ್ 2 ಬಂತು. ಅಂಗಡಿಯಲ್ಲಿ "ಎಲ್ಲಾ ಆಟೋಮ್ಯಾಟಿಕ್‌ಗೂ ನಡೀತದ್ರೀ" ಅಂತ ಸಿವಿಟಿ ಅನ್ನುವ ಬೇರೆ ಬಗೆಯ ಆಟೋಮ್ಯಾಟಿಕ್ಕಿನ ಆಯಿಲ್ ಕೊಟ್ಟರೆ ತರಬೇಡಿ. ಅದರ ಗುಣವೇ ಬೇರೆ.

ಏಳು ಲೀಟರ್ ತನ್ನಿ. ಹಿಡಿಯೋದು ಗಾಡಿಗೆ ತಕ್ಕಂತೆ ಐದರಿಂದ ಆರು ಲೀಟರ್. ಜೊತೆಗೆ ಫಿಲ್ಟರ್, ಚೇಂಬರಿನ (ಗಿಯರ್ ಪೆಟ್ಟಿಗೆಯ ತಳದ ಆಯಿಲ್ ತಟ್ಟೆಯ) ರಬ್ಬರ್ ಪ್ಯಾಕಿಂಗ್, ಆಯಿಲ್ ಇಳಿಸುವ ಎರಡು ಡ್ರೇನ್ ನಟ್ಟಿಗೆ ಹೊಸ ವಾಷರ್. ಇವು ಸಾಮಾನ್ಯವಾಗಿ ಒಂದೇ ಕಿಟ್ಟಿನಲ್ಲಿ ಸಿಗುತ್ತವೆ. ಹುಬ್ಬಳ್ಳಿಯಲ್ಲಿ ಸಿಗದಿದ್ದರೆ ಬೆಂಗಳೂರು ಅಥವಾ ಮುಂಬೈನಿಂದ ತರಿಸಿಕೊಳ್ಳಿ. ಸಾಮಾನು ಕೈಗೆ ಬರುವ ತನಕ ಗಾಡಿ ಬಿಚ್ಚಲೇಬೇಡಿ.

ಬಿಚ್ಚುವ ಮುಂಚೆ

ಗಾಡಿಯನ್ನು ಹತ್ತು ನಿಮಿಷ ಓಡಿಸಿ, ಅರ್ಧ ಗಂಟೆ ಬಿಡಿ. ಆಯಿಲ್ ಉಗುರುಬೆಚ್ಚಗೆ ಇದ್ದರೆ ಚೆನ್ನಾಗಿ ಇಳಿಯುತ್ತೆ, ಕೈಯೂ ಸುಡಲ್ಲ. ಸಮತಟ್ಟಾದ ಗಚ್ಚಿನ ನೆಲ ಇರಲಿ. ನಾಲ್ಕೂ ಕಡೆ ಎತ್ತಿ ಸ್ಟ್ಯಾಂಡ್ ಕೊಡಿ. ಬರೀ ಜಾಕಿಯ ಮೇಲೆ, ಇಲ್ಲವೇ ಇಟ್ಟಿಗೆಯ ಮೇಲೆ ನಿಂತ ಗಾಡಿಯ ಕೆಳಗೆ ಯಾವತ್ತೂ ಹೋಗಬೇಡಿ. ಇಟ್ಟಿಗೆ ಸದ್ದಿಲ್ಲದೆ ಒಡೆಯುತ್ತೆ. ಸ್ಟ್ಯಾಂಡ್ ಮೇಲೆ ಕೂತ ಮೇಲೆ ಗಾಡಿಯನ್ನು ಒಮ್ಮೆ ಕೈಯಿಂದ ಅಲುಗಾಡಿಸಿ ನೋಡಿ, ಆಮೇಲೆ ಕೆಳಗೆ ಇಳಿಯಿರಿ.

ಇನ್ನೊಂದು ಮಾತು, ಇದನ್ನು ಯಾರೂ ಹೇಳಲ್ಲ. ಬಟ್ಟೆಯ ಬಗ್ಗೆ. ಗ್ಯಾರೇಜುಗಳಲ್ಲಿ ಒರೆಸಲು ಕಾಟನ್ ವೇಸ್ಟ್ ಇಟ್ಟಿರುತ್ತಾರೆ. ಎಂಜಿನ್ ಕೆಲಸಕ್ಕೆ ಅದು ನಡೆಯುತ್ತೆ, ಇಲ್ಲಿ ಬೇಡವೇ ಬೇಡ. ಗಿಯರ್ ಪೆಟ್ಟಿಗೆಯ ವಾಲ್ವ್ ಬಾಡಿಯಲ್ಲಿ ಕೂದಲೆಳೆಯಷ್ಟು ಸಂದಿನಲ್ಲಿ ಓಡಾಡುವ ವಾಲ್ವುಗಳಿವೆ. ಹತ್ತಿಯ ಒಂದೆರಡು ಎಳೆ ಸಿಕ್ಕಿಕೊಂಡರೆ ಸಾಕು, ಗಿಯರ್ ತಡವಾಗಿ ಬೀಳುತ್ತೆ, ಇಲ್ಲವೇ ಒದ್ದ ಹಾಗೆ ಬೀಳುತ್ತೆ. ಜಯಧರ್ ಹತ್ತಿ ಬೆಳೆದ ಸೀಮೆ ನಮ್ಮದು, ಹತ್ತಿ ಎಳೆ ಹೇಗೆ ಅಂಟಿಕೊಳ್ಳುತ್ತೆ ಅಂತ ನಮಗೆ ಹೇಳಿಕೊಡಬೇಕಿಲ್ಲ. ನಾನು ಹಳೇ ನೈಲಾನ್ ಸೀರೆಯ ತುಂಡು ಇಟ್ಟುಕೊಂಡಿದ್ದೇನೆ. ಒರೆಸಿದ ಮೇಲೆ ಬೆಳಕಿಗೆ ಹಿಡಿದರೆ ಗೇಜಿನ ಮೇಲೆ ಒಂದು ಎಳೆಯೂ ಕಾಣಲ್ಲ.

ಆಯಿಲ್ ಇಳಿಸೋದು

ಚೇಂಬರಿನ ಸುತ್ತಲಿನ ಮಣ್ಣನ್ನು ಮೊದಲು ಬ್ರಷ್ಷಿನಿಂದ ತೆಗೆಯಿರಿ. ನಮ್ಮ ಎರೆಮಣ್ಣು ಆಯಿಲ್ ಜೊತೆ ಸೇರಿ ಟಾರಿನ ಹಾಗೆ ಗಟ್ಟಿಯಾಗಿರುತ್ತೆ. ಆಮೇಲೆ 5 ಎಂಎಂ ಎಲನ್ ಕೀ ಹಾಕಿ ಡ್ರೇನ್ ನಟ್ಟು ಬಿಚ್ಚಿ, ಕೆಳಗೆ ಟಬ್ ಇಡಿ.

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಚೇಂಬರಿನಿಂದ ಬಂದದ್ದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಉಳಿದದ್ದು ಟಾರ್ಕ್ ಕನ್ವರ್ಟರಿನ ಹೊಟ್ಟೆಯಲ್ಲಿ ಕೂತಿರುತ್ತೆ. ಅದನ್ನು ಬಿಟ್ಟರೆ ಹೊಸ ಆಯಿಲ್ಲಿಗೆ ಹಳೇದು ಬೆರೆಸಿದ ಹಾಗೆ. ಈ ಬೆಂಝ್ ಗಾಡಿಗಳಲ್ಲಿ ಕನ್ವರ್ಟರಿಗೂ ಒಂದು ಡ್ರೇನ್ ನಟ್ಟು ಇದೆ. ಎಂಜಿನ್ ಮತ್ತು ಗಿಯರ್ ಪೆಟ್ಟಿಗೆ ಕೂಡುವ ಜಾಗದಲ್ಲಿ, ಕೆಳಗಡೆ, ಒಂದು ಕಿಂಡಿ ಇರುತ್ತೆ. ಅದರ ಮುಚ್ಚಳ ತೆಗೆಯಿರಿ. ಚಾವಿ ನಿಮ್ಮ ಜೇಬಿನಲ್ಲಿ ಇರಲಿ. ಎಂಜಿನ್ ಮುಂದಿನ ಪುಲ್ಲಿಯ ಬೋಲ್ಟಿಗೆ 27 ಎಂಎಂ ಸಾಕೆಟ್ ಕೊಟ್ಟು, ಎದುರಿನಿಂದ ನೋಡಿದಾಗ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ನಿಧಾನ ತಿರುಗಿಸಿ. ಹಿಂದಕ್ಕೆ ತಿರುಗಿಸಬೇಡಿ. ಒಬ್ಬರು ಮೇಲೆ ತಿರುಗಿಸಿ, ಇನ್ನೊಬ್ಬರು ಕೆಳಗೆ ಟಾರ್ಚ್ ಹಿಡಿದು ಕಿಂಡಿ ನೋಡಿದರೆ ಬೇಗ ಆಗುತ್ತೆ. ನಟ್ಟು ಕಂಡ ಕೂಡಲೇ ನಿಲ್ಲಿಸಿ. ಅದಕ್ಕೂ 5 ಎಂಎಂ ಎಲನ್ ಕೀ. ಗುಂಡಿಯೊಳಗಿನ ಮಣ್ಣನ್ನು ಸೂಜಿಯಿಂದ ಕೆದರಿ ತೆಗೆದು, ಕೀ ಪೂರ್ತಿ ಒಳಗೆ ಕೂತ ಮೇಲೆ ಬಲ ಹಾಕಿ. ಇಲ್ಲದಿದ್ದರೆ ಅಂಚು ಸವೆದು ಕೀ ಸುಮ್ನೆ ತಿರುಗುತ್ತೆ.

ನಿಮ್ಮ ಗಾಡಿ ಬೇರೆ ಕಂಪನಿಯದಾಗಿದ್ದು ಕನ್ವರ್ಟರಿಗೆ ನಟ್ಟು ಇಲ್ಲದಿದ್ದರೆ ಚೇಂಬರಿನದನ್ನಷ್ಟೇ ಬದಲಿಸಿ, ಸ್ವಲ್ಪ ದಿನ ಓಡಿಸಿ, ಮತ್ತೆ ಬದಲಿಸಿ. ಮೂರು ಸಲ ಮಾಡಿದರೆ ಬಹುತೇಕ ಹೊಸದಾಗುತ್ತೆ.

ಇಳಿದ ಆಯಿಲ್ಲನ್ನು ಗೆರೆ ಇರುವ ಕ್ಯಾನಿಗೆ ಸುರಿದು ಅಳೆಯಿರಿ, ಬರೆದಿಡಿ. ಅಳತೆ ತಪ್ಪದ ಹಾಗೆ ನೋಡಿಕೊಳ್ಳಲು ಇದಕ್ಕಿಂತ ಒಳ್ಳೆ ದಾರಿ ನನಗೆ ಗೊತ್ತಿಲ್ಲ.

ಚೇಂಬರ್ ಬಿಚ್ಚಿದಾಗ

ಆರು ಬೋಲ್ಟ್, 13 ಎಂಎಂ. ಚೇಂಬರ್ ಕೆಳಗಿಳಿದಾಗ ಅದರ ತಳವನ್ನು ಬೆರಳಿನಿಂದ ಸವರಿ ನೋಡಿ. ತೆಳ್ಳಗೆ ಬೂದಿ ಬಣ್ಣದ ಲೇಪ ಇದ್ದರೆ ಗಾಬರಿ ಬೇಡ, ಅದು ಕ್ಲಚ್ ಪ್ಲೇಟಿನ ಸಹಜ ಸವೆತ. ಹೊಳೆಯುವ ಲೋಹದ ಚೂರು ಇದ್ದರೆ, ಅಥವಾ ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬಂದರೆ, ಒಳಗೆ ಕೆಟ್ಟಿದೆ ಅಂತಲೇ ಅರ್ಥ. ಹೊಸ ಆಯಿಲ್ ಅದನ್ನು ಸರಿಮಾಡಲ್ಲ. ಆಗ ಗೊತ್ತಿದ್ದ ಮೇಸ್ತ್ರಿಗೆ ತೋರಿಸೋದೇ ಸರಿ.

ಫಿಲ್ಟರ್ ಮೂರು ಸ್ಕ್ರೂ ಮೇಲೆ ನಿಂತಿದೆ. ಬಿಚ್ಚಿ, ಹೊಸದು ಹಾಕಿ, ಸ್ಕ್ರೂಗಳನ್ನು ಬರೀ ಕೈಬಲದಲ್ಲಿ ಬಿಗಿ ಮಾಡಿ. ಚೇಂಬರನ್ನು ಸೀಮೆಎಣ್ಣೆಯಲ್ಲಿ ತೊಳೆದು ಗಾಳಿಗೆ ಪೂರ್ತಿ ಒಣಗಿಸಿ. ಪ್ಯಾಕಿಂಗ್ ಒಣದೇ ಕೂರಬೇಕು, ಗಮ್ ಹಚ್ಚಬೇಡಿ. ಹಿಂಡಿ ಒಳಗೆ ಬಂದ ಗಮ್ ಉದುರಿ ಹೊಸ ಫಿಲ್ಟರಿನ ಬಾಯಿ ಕಟ್ಟುತ್ತೆ. ಬೋಲ್ಟುಗಳನ್ನು ಟಾರ್ಕ್ ಪಾನಾದಿಂದ (ಬಿಗಿಯ ಬಲ ಅಳೆಯುವ ಪಾನಾ) ಎದುರುಬದುರು ಒಂದೊಂದಾಗಿ 8 ನ್ಯೂಟನ್ ಮೀಟರಿಗೆ ಬಿಗಿ ಮಾಡಿ, ಎರಡೂ ಡ್ರೇನ್ ನಟ್ಟನ್ನು 14ಕ್ಕೆ. ಇದು ಬಹಳ ಕಡಿಮೆ ಬಲ. ಉದ್ದ ಪಾನಾ ಹಿಡಿದು ಎಳೆದರೆ ಪ್ಯಾಕಿಂಗ್ ಹಿಸುಕಿ ಹೊರಗೆ ಬರುತ್ತೆ, ಸೋರೋದು ಅಲ್ಲಿಂದಲೇ ಶುರು.

ತುಂಬೋದು, ಅಳೆಯೋದು

ಆಯಿಲ್ ಹಾಕೋದು ಗೇಜಿನ ಕೊಳವೆಯಿಂದಲೇ. ಉದ್ದ ಕೊಳವೆಯ ಸಣ್ಣ ಲಾಳಿಕೆ ಬೇಕು. ಮೊದಲು ನಾಲ್ಕು ಲೀಟರ್ ಹಾಕಿ. ಆಮೇಲೆ ಎಂಜಿನ್ ಶುರು ಮಾಡಿ, ರೇಸ್ ಕೊಡದೆ ಹಾಗೇ ಬಿಡಿ. ಕನ್ವರ್ಟರ್ ಆಯಿಲ್ ಎಳೆದುಕೊಳ್ಳುತ್ತೆ. ಎಂಜಿನ್ ನಡೆಯುತ್ತಿರುವಾಗಲೇ ಉಳಿದದ್ದನ್ನು ಸ್ವಲ್ಪ ಸ್ವಲ್ಪ ಹಾಕಿ. ಇಳಿದು ಬಂದದ್ದಕ್ಕಿಂತ ಅರ್ಧ ಲೀಟರ್ ಕಡಿಮೆ ಇದ್ದಾಗ ಕೈ ನಿಲ್ಲಿಸಿ. ಗಾಡಿಯನ್ನು ಕೆಳಗಿಳಿಸಿ, ಬ್ರೇಕ್ ಒತ್ತಿ ಹಿಡಿದು ಗಿಯರ್ ಕಡ್ಡಿಯನ್ನು ಪಿ, ಆರ್, ಎನ್, ಡಿ ಎಲ್ಲದರಲ್ಲೂ ಕೆಲವು ಸೆಕೆಂಡ್ ನಿಲ್ಲಿಸಿ ಮತ್ತೆ ಪಿಗೆ ತನ್ನಿ. ಗೇಜು ನೋಡಿ. ತಣ್ಣಗಿದ್ದಾಗ ಆಯಿಲ್ ಕೆಳಗಿನ ಗೆರೆಗಿಂತ ಕೆಳಗೇ ಇರಬೇಕು. ಅದು ಸರಿ. ಆ ಹುಡುಗ ತಪ್ಪಿದ್ದು ಇಲ್ಲೇ.

ಗೇಜಿನ ಗೆರೆಗಳು ಬಿಸಿ ಆಯಿಲ್ಲಿಗೆ, ಸುಮಾರು 80 ಡಿಗ್ರಿಗೆ, ಹಾಕಿದವು. ಸುಮ್ನೆ ನಿಲ್ಲಿಸಿಟ್ಟರೆ ಅಷ್ಟು ಬಿಸಿ ಬರಲ್ಲ. ನಾನು ಅರ್ಧ ಲೀಟರಿನ ಬಾಟಲಿ, ಲಾಳಿಕೆ, ನೈಲಾನ್ ತುಂಡು ಡಿಕ್ಕಿಯಲ್ಲಿಟ್ಟುಕೊಂಡು ಧಾರವಾಡಕ್ಕೆ ಹೊರಡುತ್ತೇನೆ. ಇಪ್ಪತ್ತು ಕಿಲೋಮೀಟರ್, ಸರಿಯಾದ ಬಿಸಿ. ಶುರುವಿನಲ್ಲಿ ನಿಧಾನ ಹೋಗಿ, ಯಾಕಂದರೆ ಆಯಿಲ್ ಇನ್ನೂ ಸ್ವಲ್ಪ ಕಡಿಮೆಯೇ ಇದೆ. ಗಿಯರ್ ಜಾರಿದ ಹಾಗೆ ಅನಿಸಿದರೆ ಅಲ್ಲೇ ನಿಂತು ಒಂದಿಷ್ಟು ಹಾಕಿ.

ಅಲ್ಲಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಎಂಜಿನ್ ನಡೆಯುತ್ತಿರಲಿ, ಗಿಯರ್ ಪಿಯಲ್ಲಿ, ಹ್ಯಾಂಡ್‌ಬ್ರೇಕ್ ಮೇಲೆ. ಎಂಜಿನ್ ಬಂದ್ ಮಾಡಿ ನೋಡಿದರೆ ಕನ್ವರ್ಟರಿನ ಆಯಿಲ್ ಕೆಳಗಿಳಿದು ಗೇಜು ಜಾಸ್ತಿ ತೋರಿಸುತ್ತೆ. ಗೇಜಿನ ಹಿಡಿಯ ಲಾಕ್ ಎತ್ತಿ, ಎಳೆದು, ಒರೆಸಿ, ಪೂರ್ತಿ ಒಳಗೆ ತಳ್ಳಿ, ಮತ್ತೆ ಎಳೆಯಿರಿ. ಹೊಸ ಆಯಿಲ್ ತಿಳಿಗೆಂಪು, ಬೇಗ ಕಣ್ಣಿಗೆ ಬೀಳಲ್ಲ. ಗೇಜನ್ನು ಓರೆ ಮಾಡಿ ಬೆಳಕಿಗೆ ಹಿಡಿದು, ಎರಡೂ ಬದಿ ನೋಡಿ. ಒಂದು ಬದಿ ಜಾಸ್ತಿ, ಒಂದು ಬದಿ ಕಡಿಮೆ ತೋರಿಸಿದರೆ ಕಡಿಮೆ ಇರೋದನ್ನೇ ನಂಬಿ, ಇನ್ನೊಂದು ಕೊಳವೆಗೆ ತಾಗಿದ್ದು. ಎರಡು ಗೆರೆಗಳ ನಡುವೆ ಹಿಡಿಯೋದು ಬರೀ 300 ಎಂಎಲ್, ಒಂದು ದೊಡ್ಡ ಲೋಟ. ಆದ್ದರಿಂದ 100 ಎಂಎಲ್‌ಗಿಂತ ಜಾಸ್ತಿ ಒಮ್ಮೆಗೆ ಹಾಕಬೇಡಿ. ಮೇಲಿನ ಗೆರೆಗೆ ಸ್ವಲ್ಪ ಕೆಳಗೆ ನಿಂತರೆ ಸಾಕು. ಮೇಲೆ ಹೋದರೆ ಸಣ್ಣ ಪೈಪಿನಿಂದ ಎಳೆದು ತೆಗೆಯಿರಿ, ಹಾಗೇ ಓಡಿಸಬೇಡಿ.

ಹಳೇ ಆಯಿಲ್ಲನ್ನು ಗಟಾರಕ್ಕೂ ಹಿತ್ತಲಿಗೂ ಸುರಿಯಬೇಡಿ. ಕ್ಯಾನಿನಲ್ಲಿ ತುಂಬಿ, ಹಳೇ ಆಯಿಲ್ ಕೊಳ್ಳುವವರು ಬರುವ ಗ್ಯಾರೇಜಿಗೆ ಕೊಡಿ.

ರಾತ್ರಿ ಶೆಡ್ಡಿನಲ್ಲಿ ಗಾಡಿಯ ಕೆಳಗೆ ಒಂದು ದೊಡ್ಡ ರಟ್ಟು ಹಾಸಿಡಿ. ಬೆಳಿಗ್ಗೆ ಕೆಂಪು ಚುಕ್ಕೆ ಬಿದ್ದಿದ್ದರೆ ಅದು ಯಾವ ನಟ್ಟಿನ ಕೆಳಗೆ ಬಿದ್ದಿದೆ ನೋಡಿ, ಅದನ್ನಷ್ಟೇ ಮತ್ತೊಮ್ಮೆ ಟಾರ್ಕ್ ಪಾನಾದಿಂದ ಪರೀಕ್ಷಿಸಿ. ರಟ್ಟು ಒಣಗಿದ್ದೂ ತಿಂಗಳು ಕಳೆದ ಮೇಲೆ ಗೇಜು ಕಡಿಮೆ ತೋರಿಸಿದರೆ, ಪೆಟ್ರೋಲ್ ಗಾಡಿಯಾದರೆ ಸೈಲೆನ್ಸರಿನ ಹೊಗೆ ಗಮನಿಸಿ. ಬೆಳ್ಳಗೆ ದಟ್ಟವಾಗಿ ಬರುತ್ತಿದ್ದರೆ, ಗಿಯರ್ ಪೆಟ್ಟಿಗೆಯ ಪಕ್ಕದಲ್ಲಿ, ರಬ್ಬರ್ ಪೈಪಿನಿಂದ ಎಂಜಿನ್ನಿಗೆ ಸೇರಿದ ವ್ಯಾಕ್ಯೂಮ್ ಮಾಡ್ಯುಲೇಟರ್ ಅನ್ನುವ ಭಾಗದ ಪೊರೆ ಹರಿದು ಎಂಜಿನ್ ಆ ಆಯಿಲ್ ಕುಡಿಯುತ್ತಿರಬಹುದು. ಅದರ ರಬ್ಬರ್ ಪೈಪ್ ಕಿತ್ತು ನೋಡಿ. ಒಳಗೆ ಕೆಂಪು ಹಸಿ ಇದ್ದರೆ ಮಾಡ್ಯುಲೇಟರ್ ಬದಲಿಸಬೇಕು.